11 ವಾರಗಳಲ್ಲಿ ಸ್ಕೀ ಶಿಕ್ಷಕಿ: ಮನೆಯ ಗುಂಪಿನಲ್ಲಿ ನಡೆದ ವಾದ

ತಂಗಿ: ಎಲ್ಲರಿಗೂ ನಮಸ್ಕಾರ. ಮೇಲೆ ಹಾಕಿರುವುದು ಸ್ಕೀ ಶಿಕ್ಷಕರ ತರಬೇತಿಯ ಕರಪತ್ರ. 11 ವಾರಗಳ ಕೋರ್ಸ್, ಕೊನೆಯಲ್ಲಿ ಪ್ರಮಾಣಪತ್ರ, ಆಮೇಲೆ ಚಳಿಗಾಲದ ಕೆಲಸಕ್ಕೆ ಸಂದರ್ಶನ. ಹತ್ತು ವರ್ಷ ಲೆಕ್ಕಪರಿಶೋಧನೆಯಲ್ಲಿ ಕಳೆದಾಗಿದೆ. ಒಂದು ವರ್ಷ ಕೆಲಸ ಬಿಟ್ಟು ಇದನ್ನು ಕಲಿಯಬೇಕೆಂದಿದ್ದೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲೆಂದು ಇಲ್ಲಿ ಹಾಕಿದೆ.

ಚಿಕ್ಕಪ್ಪ: ಕರಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂಬತ್ತು ಚಿತ್ರಗಳಿವೆ. ಒಂಬತ್ತರಲ್ಲೂ ಯಾರೋ ಹಿಮದ ಪುಡಿ ಎಬ್ಬಿಸುತ್ತ ಇಳಿಯುತ್ತಿದ್ದಾರೆ, ಒಂದರಲ್ಲೂ ಯಾರೂ ಯಾರಿಗೂ ಏನನ್ನೂ ಕಲಿಸುತ್ತಿಲ್ಲ. ಶಿಕ್ಷಕರ ತರಬೇತಿ ಎಂಬ ಹೆಸರಿನಲ್ಲಿ ಮಾರುತ್ತಿರುವುದು ಉದ್ದನೆಯ ರಜೆಯನ್ನೇ ಅಲ್ಲವೇ? ರಜೆ ಬೇಕಿದ್ದರೆ ರಜೆ ಎಂದೇ ಕೇಳು, ಅದಕ್ಕೆ ನನ್ನ ತಕರಾರಿಲ್ಲ.

ಭಾವ: ಚಿಕ್ಕಪ್ಪನವರೇ, ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿಯಲ್ಲ. ಆಸ್ಟ್ರಿಯಾದ ಸೇಂಟ್ ಆಂಟನ್‌ನಲ್ಲಿ ಹಾನ್ನೆಸ್ ಶ್ನೈಡರ್ ಅವರು 1920ರ ದಶಕದಲ್ಲೇ ಸ್ಕೀ ಶಾಲೆ ನಡೆಸಿ, ಕಲಿಯುವವರನ್ನು ಅವರವರ ಮಟ್ಟಕ್ಕೆ ತಕ್ಕ ತರಗತಿಗಳಾಗಿ ವಿಂಗಡಿಸಿ, ಸ್ಕೀಗಳ ಮೊನೆ ಕೂಡಿಸಿ ನಿಧಾನಿಸುವ ಭಂಗಿಯಿಂದ ಹಿಡಿದು ತಿರುವುಗಳವರೆಗೆ ಹಂತಹಂತವಾಗಿ ಕಲಿಸುವ ಕ್ರಮವನ್ನು ರೂಪಿಸಿದರು. ಆ ಪದ್ಧತಿಗೆ ಆರ್ಲ್‌ಬರ್ಗ್ ಎಂಬ ಹೆಸರು ಇಂದಿಗೂ ಇದೆ. ನೂರು ವರ್ಷಗಳಿಂದ ಜನರು ಇದರಿಂದ ಜೀವನ ನಡೆಸಿದ್ದಾರೆ.

ಚಿಕ್ಕಪ್ಪ: ನಡೆಸಿದವರು ಆ ಬೆಟ್ಟಗಳ ಬುಡದಲ್ಲೇ ಹುಟ್ಟಿ ಬೆಳೆದವರು, ನೆನಪಿರಲಿ.

ಅಕ್ಕ: ನನ್ನ ಚಿಂತೆ ಹಣದ್ದಲ್ಲ, ಮೊಣಕಾಲಿನದು. ಸ್ಕೀಯಿಂಗ್‌ನಲ್ಲಿ ಮೊಣಕಾಲಿನ ಎಸಿಎಲ್, ಅಂದರೆ ಒಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಹರಿಯುವುದು ಸಾಮಾನ್ಯ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮತ್ತೆ ಇಳಿಜಾರು ಹತ್ತಲು ಎಂಟೊಂಬತ್ತು ತಿಂಗಳು ಬೇಕು. ಅಲ್ಲಿಗೆ ನಿನ್ನ ಆ ವರ್ಷ ಮುಗಿದೇ ಹೋಗುತ್ತದೆ. ಪ್ರವಾಸದ ವಿಮೆ ಇದೆ ಎಂದು ಸುಮ್ಮನಿರಬೇಡ. ಕೂಲಿ ಪಡೆದು ಕಲಿಸುವಾಗ ಆದ ಗಾಯವನ್ನು ಅಂಥ ವಿಮೆಗಳು ಅನೇಕ ಸಲ ಹೊರಗಿಟ್ಟಿರುತ್ತವೆ.

ತಂಗಿ: ವಿಮೆಯ ಮಾತನ್ನು ಒಪ್ಪಿದೆ ಅಕ್ಕಾ, ಶಿಕ್ಷಕರಿಗೆಂದೇ ಇರುವ ವಿಮೆಯನ್ನು ವಿಚಾರಿಸುತ್ತೇನೆ. ಆದರೆ ನಾನು ಹೊಸಬಳಲ್ಲ. ನಾಲ್ಕು ಚಳಿಗಾಲಗಳಲ್ಲಿ ಒಟ್ಟು ಆರು ವಾರ ಸ್ಕೀ ಮಾಡಿದ್ದೇನೆ, ಕೆಂಪು ಗುರುತಿನ, ಅಂದರೆ ಸಾಕಷ್ಟು ಕಡಿದಾದ ಇಳಿಜಾರುಗಳಲ್ಲಿ ಎರಡೂ ಸ್ಕೀಗಳನ್ನು ಸಮಾಂತರವಾಗಿಟ್ಟು ಇಳಿಯಬಲ್ಲೆ.

ನಾನು: ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಚಿಕ್ಕಪ್ಪ ಹೇಳಿದ ಚಿತ್ರಗಳ ವಿಷಯವೇ ನನಗೂ ಮುಖ್ಯವೆನಿಸುತ್ತದೆ, ಆದರೆ ಕಾರಣ ಬೇರೆ. ಹಿಂದೆ ಒಮ್ಮೆ ನಾನು ಆರಂಭಿಕರ ಪಾಠಕ್ಕೆ ಸೇರಿದ್ದೆ. ನಮ್ಮ ಪಕ್ಕದಲ್ಲೇ ಮಕ್ಕಳ ತಂಡವಿತ್ತು. ಅದರ ಶಿಕ್ಷಕಿ ಮೊದಲ ಮುಕ್ಕಾಲು ಗಂಟೆ ಸ್ಕೀಯ ಮೇಲೆ ನಿಲ್ಲಲೇ ಇಲ್ಲ. ಹಿಮದಲ್ಲಿ ಮಂಡಿಯೂರಿ, ಒಂದು ಮಗುವಿನ ಬೂಟಿನ ತಳಕ್ಕೆ ಅಂಟಿದ್ದ ಹಿಮದ ಗಡ್ಡೆಯನ್ನು ಸ್ಕೀ ಕೋಲಿನ ತುದಿಯಿಂದ ಕೆರೆದು ತೆಗೆಯುತ್ತಿದ್ದಳು; ಗಡ್ಡೆ ಹೋಗದ ಹೊರತು ಬೂಟು ಬೈಂಡಿಂಗ್‌ನಲ್ಲಿ, ಅಂದರೆ ಅದನ್ನು ಸ್ಕೀಗೆ ಕಚ್ಚಿಸುವ ಹಿಡಿಕೆಯಲ್ಲಿ, ಕೂರುವುದಿಲ್ಲ. ಅದು ಕೂತಿತೆನ್ನುವಾಗ ಇನ್ನೊಂದು ಮಗುವಿನ ಕೈಗವಸು ಕಾಣೆಯಾಯಿತು, ಮೂರನೆಯದು ಅಳಲಾರಂಭಿಸಿತು. ಆ ಮೇಲೆ ಅವಳು ಮಕ್ಕಳ ಮುಂದೆ ಹಿಮ್ಮುಖವಾಗಿ ಜಾರುತ್ತ, ಸ್ಕೀಗಳ ಮೊನೆ ಕೂಡಿಸಿ ಹಿಂಬದಿ ಅಗಲಿಸಿರೆಂದು ಹೇಳುವ ಬದಲು ‘ಪಿಜ್ಜಾ, ಪಿಜ್ಜಾ’ ಎಂದು ಕೂಗುತ್ತಿದ್ದಳು. ಆ ಭಂಗಿ ಪಿಜ್ಜಾ ತುಂಡಿನ ಆಕಾರದ್ದು, ಮಕ್ಕಳಿಗೆ ಅದನ್ನು ಹಾಗೆಯೇ ಹೇಳಿಕೊಡುತ್ತಾರೆ. ಹೊಸದಾಗಿ ಪ್ರಮಾಣಪತ್ರ ಪಡೆದವರ ಪಾಲಿಗೆ ಬರುವುದು ಬಹುಪಾಲು ಈ ಕೆಲಸವೇ. ನಿನಗೆ ಸ್ಕೀ ಮಾಡುವುದು ಇಷ್ಟವೋ, ಕಲಿಸುವುದು ಇಷ್ಟವೋ? ಮೊದಲನೆಯದಾದರೆ ಅದೇ ಹಣದಲ್ಲಿ ಸುಮ್ಮನೆ ಸ್ಕೀ ಮಾಡಿ ಬಾ, ಹೆಚ್ಚು ಸುಖವಾಗಿರುತ್ತೀಯ.

ತಂಗಿ: ಅಣ್ಣಾ, ಪ್ರಶ್ನೆ ಸರಿಯಾಗಿದೆ, ಆದರೆ ಉತ್ತರ ನಿನಗೆ ಗೊತ್ತಿರಬೇಕಿತ್ತು. ಕಚೇರಿಯಲ್ಲಿ ಹೊಸಬರಿಗೆ ಕಲಿಸುವ ಹೊಣೆ ಆರು ವರ್ಷಗಳಿಂದ ನನ್ನ ಮೇಲಿದೆ, ಆ ಕೆಲಸದಲ್ಲಿ ನನಗೆ ಬೇಸರವಾಗದ ಭಾಗ ಅದೊಂದೇ.

ಚಿಕ್ಕಪ್ಪ: ಹಾಗಿದ್ದರೆ ಪ್ರಮಾಣಪತ್ರದ ಬೆಲೆ ಎಷ್ಟೆಂದು ಯಾರಾದರೂ ಹೇಳಿ. ಅದನ್ನು ಹಿಡಿದುಕೊಂಡು ಎಲ್ಲಿ ಬೇಕಾದರೂ ಕಲಿಸಬಹುದೇ?

ನಾನು: ಆಗುವುದಿಲ್ಲ, ಕರಪತ್ರ ಬಾಯಿ ಬಿಡದಿರುವುದು ಇಲ್ಲಿಯೇ. ಬ್ರಿಟನ್ನಿನ ಬಾಸಿ, ಕೆನಡಾದ ಸಿಎಸ್‌ಐಎ ಮುಂತಾದ, ಸ್ಕೀ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ನಾಲ್ಕು ಹಂತಗಳಿವೆ. ಇಂಥ ಕೋರ್ಸ್‌ಗಳು ಸಾಮಾನ್ಯವಾಗಿ ಒಂದನೆಯ ಅಥವಾ ಎರಡನೆಯ ಹಂತಕ್ಕೆ ತಲುಪಿಸುತ್ತವೆ. ತುದಿಯ ಅರ್ಹತೆಯ ದಾರಿಯಲ್ಲಿ ಯೂರೋಟೆಸ್ಟ್ ಎಂಬ ವೇಗದ ಪರೀಕ್ಷೆ ಇದೆ. ಅದು ಜೈಂಟ್ ಸ್ಲಾಲಮ್, ಅಂದರೆ ನೆಟ್ಟ ಕಂಬಗಳನ್ನು ಸುತ್ತಿಕೊಂಡು ಇಳಿಯುವ ಓಟ. ಅಲ್ಲಿ ನಿಗದಿಯಾದ ಮೂಲ ಸಮಯಕ್ಕಿಂತ ಪುರುಷರು ಶೇ. 18, ಮಹಿಳೆಯರು ಶೇ. 24ಕ್ಕಿಂತ ಹೆಚ್ಚು ತಡಮಾಡುವಂತಿಲ್ಲ. ಬಾಲ್ಯದಿಂದ ರೇಸ್ ಮಾಡಿದವರೂ ಅದರಲ್ಲಿ ಸೋತು ಮತ್ತೆ ಮತ್ತೆ ಕೂರುತ್ತಾರೆ. ಫ್ರಾನ್ಸ್‌ನಂಥ ಕಡೆ ಸ್ವತಂತ್ರವಾಗಿ ಕಲಿಸಬೇಕೆಂದರೆ ಆ ಮಟ್ಟ ಬೇಕು, ನ್ಯೂಜಿಲೆಂಡ್ ಮತ್ತು ಕೆನಡಾದ ಸ್ಕೀ ಶಾಲೆಗಳು ಕೆಳಹಂತದವರನ್ನೂ ತೆಗೆದುಕೊಳ್ಳುತ್ತವೆ. ಆದರೆ ಶಾಲೆ ತೆಗೆದುಕೊಂಡರೆ ಸಾಲದು, ವೀಸಾ ಬೇಕು. ರಜೆಯ ಜತೆ ಕೆಲಸ ಮಾಡಬಹುದಾದ ವೀಸಾಕ್ಕೆ ಹೆಚ್ಚಿನ ಕಡೆ ವಯೋಮಿತಿ 30, ಕೆಲವು ಕಡೆ 35. ಅದೂ ಯಾವ ದೇಶದ ಪಾಸ್‌ಪೋರ್ಟ್ ಎಂಬುದರ ಮೇಲೆ ನಿಂತಿದೆ. ನಿನಗೀಗ 34. ಸಂದರ್ಶನದ ಭರವಸೆ ಕೊಟ್ಟವರು ವೀಸಾದ ಭರವಸೆ ಕೊಟ್ಟಿಲ್ಲವೆಂಬುದನ್ನು ಗಮನಿಸು.

ಭಾವ: ಇದಂತೂ ನನಗೆ ಗೊತ್ತಿರಲಿಲ್ಲ.

ಅಕ್ಕ: ಸಂಬಳ ತಿಂಗಳಿಗೆ ಇಷ್ಟೆಂದು ಇರುತ್ತದೆಯೇ?

ನಾನು: ಅನೇಕ ಶಾಲೆಗಳಲ್ಲಿ ಪಾಠ ಮಾಡಿದ ಗಂಟೆಗಳಿಗೆ ಮಾತ್ರ. ಬೆಳಿಗ್ಗೆ ಸಮವಸ್ತ್ರ ತೊಟ್ಟು ಸಾಲಿನಲ್ಲಿ ನಿಂತು, ವಿದ್ಯಾರ್ಥಿಗಳು ಸಾಕಷ್ಟು ಬಾರದಿದ್ದರೆ ಹಾಗೆಯೇ ಹಿಂದಿರುಗುವ ದಿನಗಳೂ ಇರುತ್ತವೆ. ಯುರೋಪಿನಲ್ಲಿ ಕ್ರಿಸ್‌ಮಸ್ ವಾರಗಳಲ್ಲಿ ಮತ್ತು ಫೆಬ್ರವರಿಯ ಶಾಲಾ ರಜೆಯಲ್ಲಿ ಉಸಿರಾಡಲು ಬಿಡುವಿಲ್ಲ, ಜನವರಿಯ ನಡುಭಾಗದಲ್ಲಿ ಬಿಡುವೇ ಬಿಡುವು.

ತಂಗಿ: ನೀವೆಲ್ಲ ಸೇರಿ ನನ್ನನ್ನು ಹಿಂದಕ್ಕೆಳೆಯುತ್ತಿದ್ದೀರಿ ಎಂದು ಕೋಪ ಬಂದಿತ್ತು, ಅರ್ಧ ಗಂಟೆ ಫೋನ್ ಪಕ್ಕಕ್ಕಿಟ್ಟಿದ್ದೆ. ಈಗ ಬಾಸಿಯ ನಿಯಮಗಳನ್ನು ನೋಡಿದೆ. ಅವರ ಮೊದಲ ಹಂತದ ಕೋರ್ಸ್ ಕೇವಲ 5 ದಿನಗಳದ್ದು, ಜತೆಗೆ ಸ್ಕೀ ಶಾಲೆಯೊಂದರಲ್ಲಿ ಅನುಭವಿ ಶಿಕ್ಷಕರ ಬೆನ್ನಿಗೆ ನಿಂತು 35 ಗಂಟೆಗಳ ಪಾಠಗಳನ್ನು ನೋಡಬೇಕು, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವೂ ಬೇಕು. ಇದಿಷ್ಟಕ್ಕೆ ರಾಜೀನಾಮೆ ಬೇಕಿಲ್ಲ. ನನ್ನ ಲೆಕ್ಕದಲ್ಲಿ ಉಳಿದಿರುವ ರಜೆ 27 ದಿನ. ನನ್ನ ಸ್ಕೀಯಿಂಗ್ ಆ ಮಟ್ಟ ತಲುಪಲು ಎರಡು ವಾರದ ಅಭ್ಯಾಸವನ್ನೂ ಸೇರಿಸಿದರೆ ಅದರೊಳಗೆ ಹಿಡಿಸುತ್ತದೆ. 11 ವಾರದ ಕೋರ್ಸಿಗೆ ಮುಂಗಡ ಕಟ್ಟುವುದನ್ನು ನಿಲ್ಲಿಸಿದ್ದೇನೆ. ವರ್ಷದ ಬಿಡುವನ್ನು ಮಾತ್ರ ಕೈಬಿಟ್ಟಿಲ್ಲ, ಅದರ ತೀರ್ಮಾನ ಆ 35 ಗಂಟೆಗಳ ಬಳಿಕ.

ಅಕ್ಕ: ಹೋಗುವ ಮೊದಲು ಮೂರು ತಿಂಗಳು ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡು. ಇದನ್ನು ಬೇಡಿಕೆಯೆಂದು ತಿಳಿ, ಸಲಹೆಯೆಂದಲ್ಲ.

ಚಿಕ್ಕಪ್ಪ: 35 ಗಂಟೆ ಪರರ ಮಕ್ಕಳ ಬೂಟಿನ ಹಿಮ ಕೆರೆದ ಮೇಲೂ ನಿನಗೆ ಅದೇ ಬೇಕೆನಿಸಿದರೆ ರಾಜೀನಾಮೆಯ ಕರಡನ್ನು ನನಗೇ ಕಳಿಸು, ಭಾಷೆ ತಿದ್ದಿಕೊಡುತ್ತೇನೆ.

ಭಾವ: ಈ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ, ಚಿಕ್ಕಪ್ಪನವರೇ.