ನ್ಯೂ ಇಯರ್‌ಗೆ ಗೋವಾ ಬುಕ್ ಮಾಡಿದ್ದೆವು, ಈಗ ಕ್ಲಬ್‌ಗಳಿಗೆ ಬೀಗ. ಹೋಗಿ ಬಂದವರು ಹೇಳಿ

ಕೇಳಿದವರು, ಹುಬ್ಬಳ್ಳಿ:
ನಾವು ಆರು ಜನ, 29ಕ್ಕೆ ಹೊರಡುವವರು. ವಾಗತೋರ್‌ನ ಒಂದು ಕ್ಲಬ್‌ನಲ್ಲಿ 31ರ ರಾತ್ರಿಗೆ ಟೇಬಲ್ ಹೇಳಿ ಅಡ್ವಾನ್ಸ್ ಕೊಟ್ಟಿದ್ದೆವು. ಉತ್ತರ ಗೋವಾದ ಅರ್ಪೋರಾದಲ್ಲಿ ಬರ್ಚ್ ಅನ್ನೋ ಕ್ಲಬ್‌ಗೆ ಬೆಂಕಿ ಬಿದ್ದ ಮೇಲೆ ನಮ್ಮ ಕ್ಲಬ್‌ಗೂ ಸೀಲ್ ಹಾಕಿದ್ದಾರೆ ಅಂತ ಏಜೆಂಟ್ ಹೇಳುತ್ತಿದ್ದಾನೆ. ದುಡ್ಡಿನ ಮಾತು ಮಾತ್ರ ಎತ್ತುತ್ತಿಲ್ಲ. ಮನೆಯಲ್ಲಿ ಹೋಗಲೇಬೇಡಿ ಅಂತಿದ್ದಾರೆ. ಅಲ್ಲಿ ನಿಜವಾಗಿ ಹೇಗಿದೆ?

ಬೆಳಗಾವಿಯಿಂದ:
ಕಳೆದ ಶನಿವಾರ ಹೋಗಿ ಬಂದೆ. ಊರು ಮುಚ್ಚಿಲ್ಲ. ಬಾಗಾ, ಕಲಂಗುಟ್ ಕಡೆ ಜನ ಇದ್ದಾರೆ, ಆದರೆ ಮೊದಲಿನ ಹಾಗೆ ಅಲ್ಲ. ನಾವು ಊಟಕ್ಕೆ ಹೋದ ಒಂದು ಜಾಗದಲ್ಲಿ ಹುಡುಗರು ಏಣಿ ಹಾಕಿಕೊಂಡು ಚಾವಣಿಗೆ ಕಟ್ಟಿದ್ದ ಒಣ ಗರಿಗಳನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದರು. ಹಿಂದಿನ ಬಾಗಿಲು ಎಲ್ಲಿದೆ ಅಂತ ಕೇಳಿದೆ. ಒಬ್ಬ ಹುಡುಗ ಕರೆದುಕೊಂಡು ಹೋಗಿ ತೋರಿಸಿದ. ಬಾಗಿಲೇನೋ ಇತ್ತು. ಅದರ ಮುಂದೆ ಸೊಂಟದೆತ್ತರಕ್ಕೆ ಬಿಯರ್ ಕ್ರೇಟ್ ಪೇರಿಸಿದ್ದರು. ಅವನೇ ನಾಚಿಕೊಂಡು ಎರಡು ಕ್ರೇಟ್ ಸರಿಸಿದ. ನಾವು ಎದ್ದು ಬಂದೆವು.

ಹಾವೇರಿ ಕಡೆಯವನು, ಮೊದಲು ಗೋವಾದಲ್ಲಿದ್ದೆ:
ನಾಲ್ಕು ಸೀಸನ್ ಒಂದು ಕ್ಲಬ್‌ನ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. 2025ರ ಡಿಸೆಂಬರ್ 6ರ ರಾತ್ರಿ ಆ ಬರ್ಚ್ ಕ್ಲಬ್‌ನಲ್ಲಿ 25 ಜನ ಸತ್ತರು. ಅದರಲ್ಲಿ ಪ್ರವಾಸಿಗಳು ಐದು ಜನ ಮಾತ್ರ. ಉಳಿದವರೆಲ್ಲ ಕೆಲಸದವರು. ಜಾರ್ಖಂಡ್, ಅಸ್ಸಾಂ, ಉತ್ತರಾಖಂಡ, ನೇಪಾಳದ ಹುಡುಗರು. ಹೆಚ್ಚಿನವರಿಗೆ ಬೆಂಕಿ ತಾಗಿಯೇ ಇಲ್ಲ, ಕೆಳಗಿನ ಅಡುಗೆಮನೆ ಕಡೆ ಹೊಗೆಯಲ್ಲಿ ಉಸಿರು ಕಟ್ಟಿ ಸತ್ತರು. ದಾರಿ ಎಷ್ಟು ಇಕ್ಕಟ್ಟು ಅಂದರೆ ಅಗ್ನಿಶಾಮಕ ಗಾಡಿಗಳು ಸುಮಾರು 400 ಮೀಟರ್ ದೂರದಲ್ಲೇ ನಿಲ್ಲಬೇಕಾಯಿತು.

ನಾನಿದ್ದ ಅಡುಗೆಮನೆಯೂ ಅಂಥದ್ದೇ. ನೆಲದಿಂದ ಎಂಟು ಮೆಟ್ಟಿಲು ಕೆಳಗೆ, ಒಬ್ಬ ತಟ್ಟೆ ಹಿಡಿದು ಇಳಿದರೆ ಇನ್ನೊಬ್ಬ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಸಿಲಿಂಡರ್ ಕೂಡ ಅದೇ ಮೆಟ್ಟಿಲ ಬುಡದಲ್ಲಿ. ರಾತ್ರಿ ಜನ ಜಾಸ್ತಿ ಆದರೆ ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದೆವು. ಸುದ್ದಿ ಕೇಳಿದ ದಿನ ನನಗೆ ಆ ಮೆಟ್ಟಿಲೇ ಕಣ್ಣ ಮುಂದೆ ಬಂತು.

ಈಗ ನಡೆಯುತ್ತಿರುವ ಕ್ರಮ ಜಾಸ್ತಿ ಆಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಪೋರಾದ ಆ ಕಟ್ಟಡ ಕೆಡವಲು ಪಂಚಾಯಿತಿ ಮೊದಲೇ ಆದೇಶ ಕೊಟ್ಟಿತ್ತು, ಮೇಲಿನ ಕಚೇರಿಯಿಂದ ತಡೆ ಸಿಕ್ಕಿತ್ತು. ಅಂದರೆ ಗೊತ್ತಿತ್ತು, ಅಲ್ವಾ? ಬೆಂಕಿ ಬಿದ್ದ ಮೇಲೆ ಉತ್ತರ ಗೋವಾದಲ್ಲಿ ಕ್ಲಬ್, ಹೋಟೆಲ್ ಒಳಗೆ ಪಟಾಕಿ, ಕಿಡಿ ಹಾರಿಸುವುದನ್ನು ನಿಷೇಧಿಸಿದರು. ಫೈರ್ ಎನ್‌ಒಸಿ, ಅಂದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ, ಇಲ್ಲದ ಕಡೆ ಬೀಗ ಹಾಕಿದರು. ಇದೆಲ್ಲ ಒಂದು ವಾರದಲ್ಲಿ ಆಗುತ್ತದೆ ಅಂದಮೇಲೆ ಮೊದಲೂ ಆಗುತ್ತಿತ್ತು. ನನ್ನ ಸಂಕಟ ಒಂದೇ. ಬೀಗ ಬಿದ್ದ ದಿನವೇ ಕೆಲಸದವರ ಸಂಬಳ ನಿಲ್ಲುತ್ತದೆ. ಸೀಸನ್‌ನ ಎರಡು ತಿಂಗಳ ಟಿಪ್ಸ್ ನಂಬಿಕೊಂಡು ಊರಲ್ಲಿ ಸಾಲ ಮಾಡಿರುತ್ತಾರೆ. ಅವರ ಲೆಕ್ಕ ಯಾರೂ ಕೇಳುತ್ತಿಲ್ಲ.

ಹೋಗಿ, ಬೇಡ ಅನ್ನುವುದಿಲ್ಲ. ಯಾವ ಕ್ಲಬ್ ತೆರೆದಿದೆ ಅಂತ ಪಟ್ಟಿ ಹುಡುಕುವ ಬದಲು ಒಳಗೆ ಕಾಲಿಟ್ಟ ತಕ್ಷಣ ಎರಡನೇ ಬಾಗಿಲು ನೋಡಿ. ಬೆಳಗಾವಿಯವರು ಮಾಡಿದ್ದೇ ಸರಿ. ಕೆಳಗೆ ಇಳಿಯುವ ಒಂದೇ ಮೆಟ್ಟಿಲ ಜಾಗ ಆದರೆ ಕೂರಬೇಡಿ. ಬಿಲ್ ಕೊಡುವಾಗ ಟಿಪ್ಸ್ ಹುಡುಗರ ಕೈಗೇ ಕೊಡಿ.

ಬೆಂಗಳೂರಿನಿಂದ:
ಅಡ್ವಾನ್ಸ್ ಬಗ್ಗೆ. ಫೋನ್‌ನಲ್ಲಿ ಮಾತಾಡಬೇಡಿ, ವಾಟ್ಸಾಪ್‌ನಲ್ಲೇ ಬರೆದು ಕೇಳಿ. ಯುಪಿಐ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅವನು "ಬೇರೆ ಕ್ಲಬ್‌ಗೆ ಹಾಕಿಕೊಡುತ್ತೇನೆ" ಅಂದರೆ ಸುಮ್ನೆ ತಲೆ ಆಡಿಸಬೇಡಿ, ನನಗೆ ಹಾಗೇ ಮಾಡಿ ಮೂರನೇ ದರ್ಜೆಯ ಜಾಗಕ್ಕೆ ತಳ್ಳಿದ್ದರು. ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ.

ಕಾರವಾರದಿಂದ:
ನಾವು ಪಕ್ಕದಲ್ಲೇ ಇರುವವರು, ದಕ್ಷಿಣ ಗೋವಾಕ್ಕೆ ಬನ್ನಿ ಅಂತೀನಿ. ಹೊರಗಡೆ ರಾತ್ರಿ 10ರ ಮೇಲೆ ಲೌಡ್‌ಸ್ಪೀಕರ್ ಇಲ್ಲ, ಇದು 2000ದ ಶಬ್ದ ನಿಯಮ, ಹೊಸದೇನಲ್ಲ. ಸರ್ಕಾರ ವರ್ಷಕ್ಕೆ 15 ದಿನದ ತನಕ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಪಾಲೋಲೆಂನಲ್ಲಿ ಇದಕ್ಕೇ ಹೆಡ್‌ಫೋನ್ ಪಾರ್ಟಿ ಶುರುವಾಗಿದ್ದು. ಒಮ್ಮೆ ನೋಡಿದೆ. ನೂರಾರು ಜನ ಕುಣಿಯುತ್ತಿದ್ದಾರೆ, ಹೆಡ್‌ಫೋನ್ ತೆಗೆದರೆ ಮರಳಿನ ಮೇಲೆ ಕಾಲಿನ ಸದ್ದು, ಅಲೆಯ ಸದ್ದು. ನನಗಂತೂ ತುಂಬಾ ಇಷ್ಟವಾಯಿತು. ಬೀಚ್ ಮೇಲೆ ಕುಡಿಯಬೇಡಿ, ದಂಡ ಹಾಕುತ್ತಾರೆ, 2019ರಲ್ಲೇ ಅದು ಒಬ್ಬರಿಗೆ 2,000 ರೂಪಾಯಿ, ಗುಂಪಾದರೆ 10,000 ಇತ್ತು. ವಾಪಸ್ ಬರುವಾಗ ಬಾಟಲಿ ತುಂಬಿಕೊಂಡು ಬರಬೇಡಿ, ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸುತ್ತಾರೆ.

ಕೇಳಿದವರು, ಹುಬ್ಬಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಬರೆದು ಕೇಳಿದ ಮೇಲೆ ಏಜೆಂಟ್ ಅರ್ಧ ದುಡ್ಡು ಹಾಕಿದ್ದಾನೆ, ಉಳಿದಿದ್ದಕ್ಕೆ ಬಿಡುವುದಿಲ್ಲ. ಹಾವೇರಿಯವರು ಬರೆದದ್ದನ್ನು ಆರೂ ಜನಕ್ಕೆ ಓದಿ ಹೇಳಿದೆ, ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪಾಲೋಲೆಂನಲ್ಲಿ ರೂಮ್ ನೋಡುತ್ತಿದ್ದೇವೆ. ಕಾರವಾರದವರೇ, ಯಲ್ಲಾಪುರದ ಮೇಲೆ ಬರುವುದಾ, ಅನಮೋಡ್ ಘಾಟ್ ಇಳಿಯುವುದಾ? ರಸ್ತೆ ಯಾವುದು ಚೆನ್ನಾಗಿದೆ ಈಗ?