ಲಿಂಫೋಮಾ ರೋಗಿಯ ಆಯುಷ್ಯವನ್ನು ಜೀನ್ ಅಭಿವ್ಯಕ್ತಿಯಿಂದ ಎಷ್ಟರಮಟ್ಟಿಗೆ ಊಹಿಸಬಹುದು?

ಪ್ರಶ್ನೆ (ಬದಿಯಡ್ಕದ ಓದುಗ):
ಮಾನ್ಯರೇ, ನನ್ನ ಸೋದರಮಾವನಿಗೆ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ (ಬಿ-ಕೋಶಗಳೆಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಇರುವುದು ಪತ್ತೆಯಾಗಿದ್ದು, ಮಂಗಳೂರಿನಲ್ಲಿ ಆರ್-ಚಾಪ್ ಎಂಬ ಹಲವು ಔಷಧಿಗಳ ಚಿಕಿತ್ಸೆ ಆರಂಭವಾಗಿದೆ. ಬಯಾಪ್ಸಿ ವರದಿಯಲ್ಲಿ ‘ನಾನ್-ಜಿಸಿಬಿ’ ಎಂದಿದೆ. ಅದೇನೆಂದು ಹುಡುಕುತ್ತ ಹೋದಾಗ, ಜೀನ್ ಅಭಿವ್ಯಕ್ತಿಯನ್ನು, ಅಂದರೆ ಯಾವ ಜೀನ್ ಎಷ್ಟು ಸಕ್ರಿಯವೆಂಬುದನ್ನು, ಅಳೆದ 2000ನೇ ಇಸವಿಯ ಅಧ್ಯಯನವೊಂದರಲ್ಲಿ ಜಿಸಿಬಿ (ದುಗ್ಧಗ್ರಂಥಿಯ ‘ಜರ್ಮಿನಲ್ ಸೆಂಟರ್’ ಭಾಗದ ಬಿ-ಕೋಶಗಳನ್ನು ಹೋಲುವ ಬಗೆ) ಗುಂಪಿನವರ ಪೈಕಿ ಶೇ. 76 ಮಂದಿ ಐದು ವರ್ಷಗಳ ಬಳಿಕವೂ ಬದುಕಿದ್ದರೆ, ಇನ್ನೊಂದು ಗುಂಪಿನಲ್ಲಿ ಶೇ. 16 ಮಂದಿಯಷ್ಟೇ ಉಳಿದಿದ್ದರೆಂದು ಓದಿದೆ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿಲ್ಲ. ಈ ಅಂಕಿ ಅವರಿಗೂ ಅನ್ವಯಿಸುತ್ತದೆಯೇ? ಜೀನ್ ಪರೀಕ್ಷೆಯನ್ನೇ ಮಾಡಿಸಿದರೆ ಹೆಚ್ಚು ನಿಖರವಾದ ಉತ್ತರ ಸಿಕ್ಕೀತೇ?

ಉತ್ತರ 1 (ಪೆರಿಯ, ಜೀವಸಂಖ್ಯಾಶಾಸ್ತ್ರ ಸಂಶೋಧನಾ ವಿದ್ಯಾರ್ಥಿನಿ):
ದಯವಿಟ್ಟು ಆ 16ನ್ನು ನಿಮ್ಮ ಮಾವನವರ ಭವಿಷ್ಯವೆಂದು ಓದಬೇಡಿ. ಅಲಿಜಾದೆ ಮತ್ತು ಸಂಗಡಿಗರ ಆ ಅಧ್ಯಯನದಲ್ಲಿ ಬದುಕುಳಿಯುವಿಕೆಯ ಲೆಕ್ಕ ಸಿಕ್ಕಿದ್ದು ಸುಮಾರು ನಲವತ್ತು ರೋಗಿಗಳದ್ದು ಮಾತ್ರ. ಆರ್-ಚಾಪ್‌ನ ‘ಆರ್’ ಆಗಿರುವ ರಿಟುಕ್ಸಿಮ್ಯಾಬ್ ಔಷಧಿ ಆಗ ಇನ್ನೂ ಈ ರೋಗದ ವಾಡಿಕೆಯ ಚಿಕಿತ್ಸೆಗೆ ಸೇರಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದೇ ಆಗಿ ಕಾಣುವ ರೋಗದೊಳಗೆ ಎರಡು ಬಗೆಗಳಿವೆ ಎಂದು ತೋರಿಸಿಕೊಟ್ಟದ್ದೇ ಅದರ ಹಿರಿಮೆ. 2002ರಲ್ಲಿ ರೋಸೆನ್‌ವಾಲ್ಡ್ ಮತ್ತು ಸಂಗಡಿಗರು 240 ರೋಗಿಗಳನ್ನು ನೋಡಿದಾಗ ಅಂತರ ಆಗಲೇ ಕಿರಿದಾಗಿ, ಶೇ. 60 ಮತ್ತು ಶೇ. 35ಕ್ಕೆ ಬಂದಿತ್ತು.

ಸಣ್ಣ ಗುಂಪಿನ ಅಂಕಿ ಹೀಗೆ ಏಕೆ ಹಿಗ್ಗುತ್ತದೆಂಬುದನ್ನು ತಿಳಿಯುವುದು ಮುಖ್ಯ. ಸಾವಿರಾರು ಜೀನ್‌ಗಳನ್ನು ಕೆಲವೇ ರೋಗಿಗಳಲ್ಲಿ ಅಳೆದರೆ, ಆಯುಷ್ಯದೊಂದಿಗೆ ಆಕಸ್ಮಿಕವಾಗಿ ಹೊಂದಿಕೊಳ್ಳುವ ಜೀನ್‌ಗಳು ಹಲವು ಸಿಕ್ಕೇ ಸಿಗುತ್ತವೆ. ಜೀನ್‌ಗಳನ್ನು ಆಯ್ದ ರೋಗಿಗಳ ಮೇಲೆಯೇ ಪರೀಕ್ಷೆಯನ್ನೂ ನಡೆಸಿದರೆ ಊಹೆಯ ಸೂತ್ರ ಅದ್ಭುತವಾಗಿ ಕಾಣುತ್ತದೆ, ಹೊಸ ರೋಗಿಗಳ ಮುಂದೆ ಸೋಲುತ್ತದೆ. ಆದ್ದರಿಂದಲೇ 2002ರ ತಂಡ 160 ರೋಗಿಗಳಿಂದ 17 ಜೀನ್‌ಗಳ ಸೂತ್ರವನ್ನು ಕಟ್ಟಿ, ಬದಿಗಿರಿಸಿದ್ದ 80 ಮಂದಿಯ ಮೇಲೆ ಪರೀಕ್ಷಿಸಿತು. ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ಆ ಜೀನ್‌ಗಳಲ್ಲಿ ಕೆಲವು ಗೆಡ್ಡೆಯ ಜೀವಕೋಶಗಳದ್ದಲ್ಲ, ಅವುಗಳ ಸುತ್ತಲಿನ ರೋಗರಹಿತ ಕೋಶಗಳ ಚಟುವಟಿಕೆಯ ಗುರುತು. ಆದರೂ ಸೂತ್ರ ಹೇಳುವುದು ಒಂದು ಗುಂಪಿನ ಸರಾಸರಿ ಅಪಾಯವನ್ನೇ ಹೊರತು, ಒಬ್ಬ ವ್ಯಕ್ತಿಗೆ ಉಳಿದಿರುವ ವರ್ಷಗಳನ್ನಲ್ಲ.

ಉತ್ತರ 2 (ಉಪ್ಪಳ, ರೋಗಶಾಸ್ತ್ರ ವೈದ್ಯ):
ನಿಮ್ಮ ವರದಿಯಲ್ಲಿರುವುದು ಬಹುಶಃ ಜೀನ್ ಅಭಿವ್ಯಕ್ತಿಯ ಫಲಿತಾಂಶವಲ್ಲ. ಸಿಡಿ10, ಬಿಸಿಎಲ್6, ಎಂಯುಎಂ1 ಎಂಬ ಮೂರು ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡುವ, 2004ರ ಹ್ಯಾನ್ಸ್ ವಿಧಾನದಿಂದ ‘ನಾನ್-ಜಿಸಿಬಿ’ ಎಂದು ಬರೆಯುವುದು ವಾಡಿಕೆ. ಅದು ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಜೀನ್ ಅಭಿವ್ಯಕ್ತಿಯ ವರ್ಗೀಕರಣದೊಂದಿಗೆ ಪೂರ್ತಿ ತಾಳೆಯಾಗುವುದಿಲ್ಲ. ಜೀನ್ ಪರೀಕ್ಷೆ ಮಾಡಿಸಿ ಬಗೆಯನ್ನು ಖಚಿತಪಡಿಸಿಕೊಂಡರೂ, ನಡೆಯುತ್ತಿರುವ ಆರ್-ಚಾಪ್ ಸಾಮಾನ್ಯವಾಗಿ ಅದರಿಂದ ಬದಲಾಗುವುದಿಲ್ಲ. ವಯಸ್ಸು, ರಕ್ತದ ಎಲ್‌ಡಿಎಚ್ (ಒಂದು ಕಿಣ್ವ) ಮಟ್ಟ, ರೋಗದ ಹಂತ, ದೈನಂದಿನ ಚಟುವಟಿಕೆಯ ಶಕ್ತಿ, ದುಗ್ಧಗ್ರಂಥಿಗಳ ಹೊರಗೆ ಹರಡಿದ ತಾಣಗಳು ಎಂಬ ಐದನ್ನು ಕೂಡಿಸಿ ಅಪಾಯವನ್ನು ಅಂದಾಜಿಸುವ ಐಪಿಐ ಅಂಕವನ್ನು ವೈದ್ಯರಲ್ಲಿ ಕೇಳಿ. 1993ರಿಂದ ಬಳಕೆಯಲ್ಲಿರುವ ಅದು ಇಂದಿಗೂ ನಂಬಿಕೆಗೆ ಅರ್ಹ. ಎಂವೈಸಿ ಮತ್ತು ಬಿಸಿಎಲ್2 ಜೀನ್‌ಗಳ ಮರುಜೋಡಣೆಯನ್ನು (ಅವು ಜಾಗ ಬದಲಿಸಿರುವುದನ್ನು) ಹೊಳೆಯುವ ಗುರುತುಗಳಿಂದ ಪತ್ತೆಹಚ್ಚುವ ಫಿಶ್ ಪರೀಕ್ಷೆ ಆಗಿದೆಯೇ ಎಂಬುದನ್ನೂ ಕೇಳಿ. ಎರಡೂ ಒಟ್ಟಿಗೆ ಇರುವುದು ಹೆಚ್ಚಾಗಿ ಜಿಸಿಬಿ ಬಗೆಯಲ್ಲಿಯೇ, ಆದರೆ ಇದ್ದರೆ ಚಿಕಿತ್ಸೆಯನ್ನು ತೀವ್ರಗೊಳಿಸುವ ವಿಚಾರ ಬರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ವರದಿಯಲ್ಲಿ ಆ ಮೂರು ಪ್ರೋಟೀನ್‌ಗಳ ಹೆಸರೇ ಇದೆ, ಫಿಶ್‌ನ ಉಲ್ಲೇಖವಿಲ್ಲ. ಚಿಕಿತ್ಸೆ ಆರಂಭವಾದ ಮೇಲೆ ಅದನ್ನು ಮಾಡಿಸಲು ಸಾಧ್ಯವೇ?

ಉತ್ತರ 2 (ಮುಂದುವರಿದು):
ಸಾಧ್ಯ. ಹೊಸ ಬಯಾಪ್ಸಿ ಬೇಕಾಗುವುದಿಲ್ಲ. ಮೊದಲ ಬಯಾಪ್ಸಿಯ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿ ಇರುತ್ತದೆ ಮತ್ತು ಅದರಲ್ಲಿ ಸಾಕಷ್ಟು ಅಂಗಾಂಶ ಉಳಿದಿದ್ದರೆ ಅದರಿಂದಲೇ ಮಾಡಬಹುದು. ಮುಂದಿನ ಸುತ್ತಿನ ಔಷಧಿಗೆ ಮಂಗಳೂರಿಗೆ ಹೋಗುವಾಗ ವರದಿಯನ್ನು ಜೊತೆಗೆ ಒಯ್ದು, ಅದು ಅಗತ್ಯವೇ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿ.