ಉದ್ದ ರಜೆ ಹಾಕಿದ್ದ ಅವಧಿ ಎಕ್ಸ್‌ಪೀರಿಯನ್ಸ್‌ಗೆ ಸೇರುತ್ತಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ, ಗೊತ್ತಿರೋರು ದಯವಿಟ್ಟು ಹೇಳಿ. ಒಂದೇ ಕಂಪನೀಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ಕೊಂಡು ಐದು ವರ್ಷ ಆಗ್ತಾ ಬಂತು, ಮಧ್ಯದಲ್ಲಿ ಅಮ್ಮಂಗೆ ತುಂಬಾ ಹುಷಾರಿಲ್ದೆ ನೋಡ್ಕೊಳ್ಳೋಕೆ ಬೇರೆ ಯಾರೂ ಇಲ್ದೆ ಹೆಚ್ಚುಕಮ್ಮಿ ಒಂದು ವರ್ಷ ಸಂಬಳ ಇಲ್ದಿರೋ ರಜೆ ತಗೊಂಡಿದ್ದೆ. ರಾಜೀನಾಮೆ ಕೊಟ್ಟಿರ್ಲಿಲ್ಲ, ಎಂಪ್ಲಾಯಿ ಐಡಿ ಹಂಗೇ ಇತ್ತು. ಈಗ ಬೇರೆ ಕಡೆ ಅಪ್ಲೈ ಮಾಡ್ತಿದೀನಿ, ಕನಿಷ್ಠ 5 ವರ್ಷ ಅನುಭವ ಬೇಕು ಅಂತಿದಾರೆ. ಕಾಗದದಲ್ಲಿ ಐದು, ಕೈಯಾರೆ ಮಾಡಿದ್ದು ನಾಲ್ಕು. ಐದು ಅಂತ ಹಾಕಿದ್ರೆ ಸುಳ್ಳು ಹೇಳ್ದಂಗೆ ಆಗತ್ತಾ, ನಾಲ್ಕು ಅಂತ ಹಾಕಿದ್ರೆ ರೆಸ್ಯೂಮೆ ನೋಡೋಕ್ ಮುಂಚೆನೇ ತೆಗೆದು ಪಕ್ಕಕ್ಕಿಡ್ತಾರಾ? ನಿದ್ದೆ ಬರ್ತಿಲ್ಲ ಇದೇ ಯೋಚನೆಲಿ.

ಉತ್ತರ 1:
ನಾನು ಎಚ್‌ಆರ್ ಕಡೆಯವಳು, ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. ಮೊದ್ಲು ಒಂದು ಸಮಾಧಾನ ಮಾಡ್ಕೊಳ್ಳಿ, ಮಂಜೂರಾದ ರಜೆಲಿ ಇದ್ದಾಗ್ಲೂ ನೀವು ಆ ಕಂಪನಿಯ ಉದ್ಯೋಗಿನೇ. ಎಕ್ಸ್‌ಪೀರಿಯನ್ಸ್ ಲೆಟರಲ್ಲಿ ಸಾಮಾನ್ಯವಾಗಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟೇ ಇರುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡೋರೂ ಮುಖ್ಯವಾಗಿ ಅದನ್ನೇ ತಾಳೆ ನೋಡೋದು. ಹಾಗಾಗಿ ಕೆಲಸಕ್ಕಿದ್ದ ಅವಧಿ ಕೇಳಿರೋ ಜಾಗದಲ್ಲಿ ಪೂರ್ತಿ ತಾರೀಖು ಹಾಕಿ, ಅದು ಸುಳ್ಳಲ್ಲ. ಆದ್ರೆ ಸ್ಯಾಲರಿ ಸ್ಲಿಪ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ರೆ ಸಂಬಳ ಬರ್ದೇ ಇದ್ದ ತಿಂಗಳುಗಳು ಕಣ್ಣಿಗೆ ಬಿದ್ದೇ ಬೀಳುತ್ತೆ, ಆಗ ಮೊದ್ಲೇ ಹೇಳಿದ್ರೆ ಒಂದು ನಿಮಿಷದ ಮಾತು, ಹೇಳ್ದೇ ಇದ್ರೆ ಅನುಮಾನ. ರೆಸ್ಯೂಮೆಲಿ ಆ ಕಂಪನಿ ಹೆಸರಿನ ಕೆಳಗೆ 'ಕುಟುಂಬದ ಆರೈಕೆಗಾಗಿ ಮಂಜೂರಾದ ರಜೆ' ಅಂತ ತಿಂಗಳು ವರ್ಷ ಸಮೇತ ಒಂದೇ ಲೈನ್ ಹಾಕಿ. ಯಾವ ಕಾಯಿಲೆ, ಎಷ್ಟು ಕಷ್ಟ ಆಯ್ತು ಅನ್ನೋದೆಲ್ಲ ಬರೆಯೋ ಅಗತ್ಯನೇ ಇಲ್ಲ, ಅದು ನಿಮ್ಮ ಮನೆ ವಿಷಯ. ಲಿಂಕ್ಡ್‌ಇನ್‌ನವರೇ 2022ರಲ್ಲಿ ಕೆರಿಯರ್ ಬ್ರೇಕ್ ಅಂತ ಪ್ರೊಫೈಲಲ್ಲಿ ಹಾಕೋಕೆ ಜಾಗ ಕೊಟ್ಟಿದಾರೆ ಅಂದ್ಮೇಲೆ ಇದೇನು ಮುಚ್ಚಿಡೋ ವಿಷಯ ಅಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ತಾರೀಖಿನ ಮಟ್ಟಿಗೆ ಸರಿ, ಆದ್ರೆ 'ಟೋಟಲ್ ರೆಲವೆಂಟ್ ಎಕ್ಸ್‌ಪೀರಿಯನ್ಸ್' (ಅಂದ್ರೆ ಆ ಕೆಲಸಕ್ಕೆ ಸಂಬಂಧಪಟ್ಟ ಅನುಭವ) ಅಂತ ಬೇರೆ ಕಾಲಂ ಇದ್ರೆ ಅಲ್ಲಿ ನಾಲ್ಕೇ ಹಾಕಿ. ನಾನು ಇಂಟರ್‌ವ್ಯೂ ತಗೊಳ್ಳೋ ಕಡೆ ಕೂರ್ತೀನಿ, ಐದು ವರ್ಷ ಅಂತ ಬಂದೋರ ಹತ್ರ ಆ ಲೆವೆಲ್ಲಿನ ಪ್ರಶ್ನೆನೇ ಕೇಳ್ತೀವಿ. ಇಂಥ ವರ್ಷ ಯಾವ ರಿಲೀಸ್ ಮಾಡಿದ್ರಿ, ಯಾವ ಟೂಲಲ್ಲಿ ಆಟೊಮೇಶನ್ ಬರೆದ್ರಿ ಅಂದಾಗ ಆ ವರ್ಷ ಇರ್ಲೇ ಇಲ್ಲ ಅಂತ ಅಲ್ಲಿ ಹೇಳೋದಕ್ಕಿಂತ ಫಾರ್ಮಲ್ಲೇ ಹೇಳೋದು ಒಳ್ಳೇದು. ಇನ್ನೊಂದು, 5 ವರ್ಷ ಅಂತ ಹಾಕಿರೋ ಕಡೆ ನಾಲ್ಕು ವರ್ಷದವರನ್ನ ಎಷ್ಟೋ ಸಲ ಕರೆದಿದೀವಿ, ಕೆಲಸ ಗೊತ್ತಿದ್ರೆ ಯಾರೂ ಬಿಡಲ್ಲ, ನೀವು ಅಪ್ಲೈ ಮಾಡಿ ಮೊದ್ಲು.

ಉತ್ತರ 3:
ಯಾರು ಕೇಳ್ತಿದಾರೆ ಅನ್ನೋದ್ರ ಮೇಲೆ ಉತ್ತರ ಬದಲಾಗತ್ತೆ, ದಯವಿಟ್ಟು ಇದನ್ನ ಗಮನಿಸಿ. ಕಂಪನಿ ಒಳಗಿನ ಸರ್ವೀಸ್ ಲೆಕ್ಕ ಬೇರೆ. ಹೆರಿಗೆ ರಜೆ ವಿಷಯದಲ್ಲಂತೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 2000ನೇ ಇಸವಿಯ 191ನೇ ಶಿಫಾರಸಿನಲ್ಲೇ ಹೇಳಿದಾರೆ, ಆ ರಜೆಯನ್ನ ಆಕೆಯ ಹಕ್ಕುಗಳ ಲೆಕ್ಕಕ್ಕೆ ಸೇವಾವಧಿ ಅಂತಲೇ ಪರಿಗಣಿಸ್ಬೇಕು ಅಂತ. ಹೆರಿಗೆಗೆ ಹೋದೋಳ ಸೀನಿಯಾರಿಟಿ ಕಡಿಮೆ ಮಾಡೋರನ್ನ ಕಂಡ್ರೆ ನಂಗೆ ಇವತ್ತಿಗೂ ಸಿಟ್ಟು ಬರತ್ತೆ.

ಆದ್ರೆ ವೀಸಾ, ಪಿಆರ್ (ಬೇರೆ ದೇಶದಲ್ಲಿ ಕಾಯಂ ಆಗಿ ಇರೋಕೆ ಅನುಮತಿ), ಸರ್ಟಿಫಿಕೇಶನ್ ಅಂತ ಬಂದಾಗ ಲೆಕ್ಕ ಪೂರ್ತಿ ಬೇರೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಲಿ (ಪಿಆರ್‌ಗೆ ಅರ್ಜಿ ಹಾಕೋ ವ್ಯವಸ್ಥೆ) ಒಂದು ವರ್ಷದ ಅನುಭವ ಅಂದ್ರೆ 1,560 ಗಂಟೆ, ಅಂದ್ರೆ ವಾರಕ್ಕೆ 30 ಗಂಟೆ, ಅದೂ ಸಂಬಳ ಬಂದಿರೋ ಕೆಲಸ ಆಗಿರ್ಬೇಕು. ವರ್ಷಕ್ಕೆ ಎರಡು ವಾರ ಮಾಮೂಲಿ ರಜೆ ಹೋಗಿದ್ರೆ ಅಭ್ಯಂತರ ಇಲ್ಲ, ಆದ್ರೆ ನಿಮ್ಮ ಥರ ತಿಂಗಳುಗಟ್ಟಲೆ ಸಂಬಳ ಇಲ್ದಿರೋ ರಜೆ ಅಲ್ಲಿ ಸೇರಲ್ಲ, ಅದನ್ನ ಕಳೆದೇ ಹೇಳ್ಬೇಕು. ಮುಚ್ಚಿಟ್ಟು ಸಿಕ್ಕಿಬಿದ್ರೆ ತಪ್ಪು ಮಾಹಿತಿ ಕೊಟ್ಟಿದಾರೆ ಅಂತ 5 ವರ್ಷ ನಿಷೇಧ ಆಗ್ಬೋದು, ಆ ರಿಸ್ಕ್ ಯಾವ ಕಾರಣಕ್ಕೂ ಬೇಡ. ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್) ಪರೀಕ್ಷೆಗೂ ಹಾಗೇ, ನಾಲ್ಕು ವರ್ಷದ ಡಿಗ್ರಿ ಇರೋರಿಗೆ ಪ್ರಾಜೆಕ್ಟ್ ನಡೆಸಿರೋ 36 ತಿಂಗಳು ಕೇಳ್ತಾರೆ, ಪ್ರಾಜೆಕ್ಟೇ ಇಲ್ದಿರೋ ತಿಂಗಳು ಅದರಲ್ಲಿ ಬರೋದೇ ಇಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಎಷ್ಟೋ ಹಗುರ ಆಯ್ತು. ತಾರೀಖು ಪೂರ್ತಿ, ರೆಲವೆಂಟ್ ಅನ್ನೋ ಕಡೆ ನಾಲ್ಕು, ರಜೆಗೆ ಒಂದು ಲೈನ್, ಹಿಂಗೇ ಮಾಡ್ತೀನಿ. ಇನ್ನೊಂದೇ ಡೌಟು, ಒಂದೇ ಕಾಲಂ ಇದ್ದು ಬರೀ 'ಎಷ್ಟು ವರ್ಷ' ಅಂತ ಕೇಳಿದ್ರೆ?

ಉತ್ತರ 1:
ಆಗ ಕೆಲಸಕ್ಕಿದ್ದ ಅವಧಿ ಹಾಕಿ, ರೆಸ್ಯೂಮೆಲಿ ರಜೆ ಲೈನ್ ಇದ್ದೇ ಇರತ್ತಲ್ಲ, ರಿಕ್ರೂಟರ್ ಮೊದಲ ಸಲ ಫೋನ್ ಮಾಡಿದಾಗ್ಲೂ ಬಾಯಲ್ಲಿ ಒಂದ್ಸಲ ಹೇಳ್ಬಿಡಿ. ಮತ್ತೆ ಮುಖ್ಯವಾಗಿ ರಜೆ ಮಂಜೂರು ಮಾಡಿದ ಇಮೇಲ್ ಇದ್ಯಲ್ಲ, ಅದು ಕಂಪನಿ ಇಮೇಲ್ ಅಕೌಂಟಲ್ಲಿರತ್ತೆ, ಬಿಟ್ಟ ದಿನ ಲಾಗಿನ್ ಹೋಗ್ಬಿಡತ್ತೆ. ಎಚ್‌ಆರ್ ಹತ್ರ ರಜೆಯ ಶುರು ಮತ್ತು ಕೊನೆ ತಾರೀಖು ಹಾಕಿರೋ ಪತ್ರ ಈಗ್ಲೇ ಕೇಳಿ ಇಸ್ಕೊಳ್ಳಿ, ನೋಟಿಸ್ ಕೊಡೋಕ್ ಮುಂಚೆ.